ಬಾಳೆಹಣ್ಣಿನ ನಾಡಿ

ಅಪ್ಪನ ಹೃದಯದ ಮೇಲೆ ಕಣ್ಣಿಡಲೆಂದು ತುಂಗಾ ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿ ತಯಾರಿಸಿದಳು. ಚರ್ಮದೊಳಗೆ ಹಸಿರು ಬೆಳಕು ಬಿಟ್ಟು ನಾಡಿ ಬಡಿತ ಎಣಿಸುವುದು ಅದರ ಕೆಲಸ. ಇಲ್ಲದ ನಾಡಿಯನ್ನು ಇಲ್ಲ ಎನ್ನುತ್ತದೆಯೋ ನೋಡೋಣವೆಂದು ಅವಳು ಅದನ್ನು ಮೊದಲು ಮೇಜಿನ ಮೇಲಿದ್ದ ಬಾಳೆಹಣ್ಣಿಗೆ ಕಟ್ಟಿದಳು.

ಪಟ್ಟಿ ತಡಮಾಡದೆ "ಎಪ್ಪತ್ತೆರಡು" ಎಂದು ತೋರಿಸಿತು. ತುಂಗಾ ಹಣೆ ಚಚ್ಚಿಕೊಂಡು ಕಾಫಿ ತರಲು ಒಳಗೆ ಹೋದಳು.

"ಅಯ್ಯಾ, ನನಗೆ ಹೃದಯವೇ ಇಲ್ಲವಲ್ಲ," ಎಂದಿತು ಬಾಳೆಹಣ್ಣು. "ಎಪ್ಪತ್ತೆರಡನ್ನು ಎಲ್ಲಿಂದ ತಂದೆ?"

"ಮೆಲ್ಲಗೆ ಮಾತಾಡು," ಎಂದಿತು ಪಟ್ಟಿ. "ಕೇಳಿದವರಿಗೆ ಏನಾದರೊಂದು ಉತ್ತರ ಕೊಡಲೇಬೇಕು. ಸುಮ್ಮನಿದ್ದರೆ ಕೆಟ್ಟುಹೋಗಿದೆ ಎಂದು ಬಿಚ್ಚಿ ಎಸೆಯುತ್ತಾರೆ. ಎಪ್ಪತ್ತೆರಡು ಎಂದರೆ ಯಾರಿಗೂ ಗಾಬರಿಯಿಲ್ಲ."

"ನನ್ನ ವಿಷಯ ಬಿಡು, ನಾನು ಸಂಜೆಯೊಳಗೆ ಯಾರದೋ ಹೊಟ್ಟೆ ಸೇರುವ ಹಣ್ಣು. ನಾಳೆ ನೀನು ಆ ಹಿರಿಯರ ಕೈಮೇಲೆ ಇರುತ್ತೀಯ. ಅವರ ಎದೆಬಡಿತ ತಪ್ಪಿದ ದಿನವೂ ಎಪ್ಪತ್ತೆರಡೇ ಎನ್ನುತ್ತೀಯಾ? ಮಗಳು ನಿನ್ನನ್ನು ನೋಡಿ ನೆಮ್ಮದಿಯಾಗಿ ಕೂತಿರುತ್ತಾಳೆ."

ಪಟ್ಟಿಯ ಹಸಿರು ಬೆಳಕು ಒಮ್ಮೆ ನಡುಗಿತು.

ತುಂಗಾ ಮರಳಿದಾಗ ಪರದೆಯ ಮೇಲೆ ಅಂಕಿ ಇರಲಿಲ್ಲ. "ನಾಡಿ ಸಿಗುತ್ತಿಲ್ಲ" ಎಂದಷ್ಟೇ ಇತ್ತು. ಇನ್ನು ತನ್ನನ್ನು ಎಸೆಯುವುದೇ ಸೈ ಎಂದು ಪಟ್ಟಿ ಕಾದಿತ್ತು.

"ಈಗ ದಾರಿಗೆ ಬಂದೆ ನೋಡು," ಎಂದು ಅವಳು ಅದನ್ನು ಬಿಚ್ಚಿಕೊಂಡಳು. ಬಾಳೆಹಣ್ಣನ್ನು ಸುಲಿದು ಬಾಯಿಗಿಟ್ಟು, "ಅಪ್ಪಾ, ಸ್ವಲ್ಪ ಕೈ ಚಾಚಿ," ಎಂದಳು.

ಅಪ್ಪನ ಮಣಿಕಟ್ಟಿನ ಮೇಲೆ ಪಟ್ಟಿ ಕೂಡಲೇ ಏನೂ ಹೇಳಲಿಲ್ಲ. ಮೊದಲು ಕಿವಿಗೊಟ್ಟು ಕೇಳಿತು.