ನಿದ್ದೆಮಡ್ಡಿಯ ಗಡಿಕಲ್ಲು

ಹೊಳೆಯ ಕೊಳ್ಳದಿಂದ ಏಳು ತಿರುವು ಏರಿ ಮಡ್ಡಿಯ ನೆತ್ತಿಗೆ ಬರುವಷ್ಟರಲ್ಲಿ ಎಂಥ ಗಟ್ಟಿ ಸವಾರನಿಗೂ ತೊಡೆ ಸೋತು ಏದುಸಿರು ಬಂದಿರುತ್ತದೆ. ಈಗೀಗ ಚಳಿಗಾಲದಲ್ಲಿ, ಸೈಕಲ್ಲಿನ ಮೇಲೆಯೇ ನಾಡು ನೋಡಲು ಹೊರಟವರು ಹಿಂದಿನ ಗಾಲಿಯ ಎರಡೂ ಬದಿಗೆ ಚೀಲ ಕಟ್ಟಿಕೊಂಡು ಈ ದಾರಿಯಲ್ಲಿ ಬರುತ್ತಾರೆ. ಮೇಲೆ ಕಣ್ಣು ಹಾಯುವವರೆಗೂ ಸುಣ್ಣಕಲ್ಲಿನ ಬಿಳಿ ಹಾಸು. ಯಾರೋ ಅಂಗಳಕ್ಕೆ ಪರಸಿ ಕಲ್ಲು ಹಾಸಿ ಮನೆ ಕಟ್ಟುವುದನ್ನೇ ಮರೆತರೇನೋ ಎನ್ನಬೇಕು. ಎಷ್ಟು ಮಳೆ ಸುರಿದರೂ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಮಡ್ಡಿಯ ಬಾಯಾರಿಕೆ ಮಡ್ಡಿಗೇ ಉಳಿಯುತ್ತದೆ. ಈ ಹಾಸಿನ ನಡುವೆ ದೊಡ್ಡ ಕಣದಷ್ಟು ಅಗಲದ ಒಂದು ಸುತ್ತು, ಕಲ್ಲಿನಲ್ಲಿ ಸವೆದ ಗೆರೆಯಂತೆ, ಇಂದಿಗೂ ಕಾಣುತ್ತದೆ. ಅದರ ಅಂಚಿಗೆ ಮೊಣಕಾಲೆತ್ತರದ ಒಂದು ಗಡಿಕಲ್ಲಿದೆ. ಬಿಳಿಯ ಕಲ್ಲಿನ ಮೈತುಂಬ ಕಂದು ಬಣ್ಣದ ಬೆರಳ ಗುರುತುಗಳು. ಇಲ್ಲಿ ಯಾರೂ ಸೈಕಲ್ ಗಂಟೆ ಬಾರಿಸುವುದಿಲ್ಲ. ಇದರ ಹೆಸರು ನಿದ್ದೆಮಡ್ಡಿ. ಮಲಗಲು ಒಂದು ಗಿಡದ ನೆರಳೂ ಇಲ್ಲದ ಜಾಗಕ್ಕೆ ಇದೆಂಥ ಹೆಸರು ಎಂದು ಬಂದವರು ನಗುತ್ತಾರೆ. ನಗಲಿ, ಕಥೆ ಕೇಳುವವರೆಗೆ ನಾವೂ ನಕ್ಕವರೇ.

ಹಿಂದೆ ಒಮ್ಮೆ, ಹತ್ತು ಊರಿಗೊಂದು ಸೈಕಲ್ಲಿದ್ದರೆ ಹೆಚ್ಚು ಎನ್ನುವ ಕಾಲದಲ್ಲಿ, ಮಡ್ಡಿಯ ಆಚೆ ತುದಿಯ ಸುಣ್ಣಹಟ್ಟಿಯಲ್ಲಿ ಲಗಮಣ್ಣನೆಂಬ ಸೈಕಲ್ ಆಟದವನಿದ್ದ. ಊರೂರಿಗೆ ಹೋಗಿ ಚಾವಡಿಯ ಮುಂದೆ ಮೂರು ದಿನ, ಐದು ದಿನ, ನೆಲಕ್ಕೆ ಕಾಲು ತಾಗಿಸದೆ ಸುತ್ತು ಹಾಕುವುದು ಅವನ ಆಟ. ಉಣ್ಣುವುದು, ಮೈ ತೊಳೆಯುವುದು, ಅಂಗಿ ಬದಲಿಸುವುದು, ಎಲ್ಲವೂ ಸೈಕಲ್ಲಿನ ಮೇಲೆಯೇ. ಸುತ್ತು ಯಾವಾಗಲೂ ಎಡಕ್ಕೇ. ಆಟ ಮುಗಿದಾಗ ಅವನು ತಾನಾಗಿ ಇಳಿಯುವಂತಿರಲಿಲ್ಲ. ಹೆಂಡತಿ ತಂಗೆವ್ವ ಒಂದು ಮಣೆಯನ್ನು ತಂದಿಡಬೇಕು, ಅವನ ಪಾದ ಮೊದಲು ಆ ಮಣೆಯ ಮೇಲೆ ಬೀಳಬೇಕು. ಇಪ್ಪತ್ತು ವರ್ಷ ತಂಗೆವ್ವ ಆ ಮಣೆಯನ್ನು ಹೊತ್ತು ಗಂಡನ ಹಿಂದೆ ಊರೂರು ತಿರುಗಿದ್ದಳು. ಊರಲ್ಲಿದ್ದ ದಿನ ನೀರಿನ ಕೊಡ ಹೊರುತ್ತಿದ್ದಳು. ಒಟ್ಟಿನಲ್ಲಿ ಆಕೆಯ ತಲೆ ಖಾಲಿ ಇದ್ದ ದಿನವೇ ಇಲ್ಲ ಎನ್ನುತ್ತಾರೆ.

ಸುಣ್ಣಹಟ್ಟಿಯ ದೊಡ್ಡ ಸಂಕಟವೆಂದರೆ ನೀರು. ನೀರು ತುಂಬಲು ಹತ್ತಿರವಿದ್ದ ಹೊಳೆಘಟ್ಟವನ್ನು ಕೊಳ್ಳದ ಊರಿನ ವೆಂಕನಗೌಡ ತನ್ನ ಸೀಮೆಯೆಂದು ಮುಚ್ಚಿಸಿದ್ದ. ಸುಣ್ಣಹಟ್ಟಿಯ ಹೆಂಗಸರು ಎರಡು ಒಣ ಹಳ್ಳಗಳನ್ನು ಸುತ್ತಿಬಳಸಿ, ಅರ್ಧ ದಿನ ಕಳೆದು, ಹೊಳೆಯ ದೂರದ ಇನ್ನೊಂದು ಕಡೆಯಿಂದ ತಲೆಗೊಂದು ಕೊಡ ತರುತ್ತಿದ್ದರು. ಗಡಿ ಎಲ್ಲಿದೆ ಎಂಬ ಜಗಳ ಅಜ್ಜನ ಕಾಲದಿಂದ ಬಂದದ್ದು. ಹೀಗಿರುವಾಗ ಒಂದು ಬೇಸಿಗೆ ಲಗಮಣ್ಣ ಸ್ವಂತ ಊರಿನಲ್ಲೇ ಆಟ ಹಾಕಿದ. ಮೂರನೆಯ ದಿನ ಮುಂಜಾನೆ ವೆಂಕನಗೌಡನೂ ನೋಡಲು ಬಂದ. ನೋಡಿ ಸುಮ್ಮನಿರಬೇಕಲ್ಲ, ನಾಲಿಗೆಗೆ ಎಲುಬಿಲ್ಲ.

"ಇದ್ದಲ್ಲೇ ತಿರುಗೂದು ಗಾಣದ ಎತ್ತೂ ಮಾಡತೈತಿ. ಹೊಳಿ ತನಕ ನೆಟ್ಟಗ ಬರಲಿ ನೋಡೂಣು. ಕಾಲೂರದ ಬಂದ್ರ ಘಟ್ಟ ನಿಮ್ಮದು. ಎಲ್ಲಿ ಕಾಲೂರತಾನೋ ಅಲ್ಲಿ ಗಡಿಕಲ್ಲು" ಎಂದ.

ಊರಿನ ಹಿರಿಯ ಮುದುಕಪ್ಪ ಹಿಂದುಮುಂದು ನೋಡದೆ "ಆಗಲಿ ಗೌಡ್ರ, ಈಗಿಂದೀಗ" ಎಂದುಬಿಟ್ಟ. ತುಳಿಯುವ ಕಾಲು ಅವನದಲ್ಲವಲ್ಲ! ತಂಗೆವ್ವ ಸುತ್ತು ಹಾಕುತ್ತಿದ್ದ ಗಂಡನ ಪಕ್ಕದಲ್ಲೇ ಓಡುತ್ತ, "ಎರಡು ರಾತ್ರಿ ಕಣ್ಣು ಮುಚ್ಚಿಲ್ಲ, ಬ್ಯಾಡಂತ ಹೇಳ್ರಿ" ಎಂದಳು. ಲಗಮಣ್ಣ ಆಕೆಯ ನೆತ್ತಿಯ ಕಡೆ ನೋಡಿದ. ಕೊಡ ಹೊತ್ತು ಹೊತ್ತು ಅಲ್ಲಿ ಕೂದಲು ಉದುರಿತ್ತು. "ಇದೊಂದು ಆಗಲಿ ತಂಗೆವ್ವ. ಆಮ್ಯಾಲ ಮಲಗತೀನಿ" ಎಂದು ಸೈಕಲ್ಲನ್ನು ಹೊಳೆಯ ದಿಕ್ಕಿಗೆ ತಿರುಗಿಸಿದ.

ಹಿಂದೆ ಊರಿಗೆ ಊರೇ ಹೊರಟಿತು, ಗೌಡನೂ ಅವನ ಆಳುಗಳೂ ಜೊತೆಗೆ. ಎಲ್ಲರಿಗಿಂತ ಮುಂದೆ, ತಲೆಯ ಮೇಲೆ ಮಣೆ ಹೊತ್ತ ತಂಗೆವ್ವ. ಮೊದಲ ಹಳ್ಳವನ್ನು ಅವನು ಹಗುರಾಗಿ ದಾಟಿದ. ಎರಡನೆಯದರ ಏರಿನಲ್ಲಿ ಪೆಡಲಿನ ಮೇಲೆ ಎದ್ದು ನಿಂತು, ಹಲ್ಲು ಕಚ್ಚಿ, ಒಂದೊಂದು ಗೇಣನ್ನೂ ಕಿತ್ತುಕೊಳ್ಳುತ್ತ ಹತ್ತಿದ. ಆಮೇಲೆ ಬಂದದ್ದು ಈ ಹಾಸು. ನೆತ್ತಿಯ ಮೇಲೆ ಬಿಸಿಲು, ಕೆಳಗೆ ಬಿಳಿ ಕಲ್ಲು, ಎತ್ತ ನೋಡಿದರೂ ಒಂದೇ ಬೆಳಕು. ಕಷ್ಟ ಕಳೆಯಿತು, ಇನ್ನು ಕೊಳ್ಳಕ್ಕೆ ಇಳಿದರೆ ಹೊಳೆ, ಎಂದು ಜನ ಕೇಕೆ ಹಾಕಿದರು. ಆದರೆ ಏರಿನಲ್ಲಿ ಎಚ್ಚರವಿಟ್ಟಿದ್ದ ನೋವು ಸಮತಟ್ಟಿನಲ್ಲಿ ಸಡಿಲವಾಯಿತು. ತಂಗೆವ್ವ ನೋಡನೋಡುತ್ತಿದ್ದಂತೆ ಮುಂದಿನ ಗಾಲಿ ಮೆಲ್ಲಗೆ ಎಡಕ್ಕೆ ವಾಲಿತು. ಇನ್ನಷ್ಟು ವಾಲಿತು. ಸೈಕಲ್ಲು ಒಂದು ದೊಡ್ಡ ಸುತ್ತು ಸುತ್ತಿ ಹೊರಟಲ್ಲಿಗೇ ಬಂತು, ಮತ್ತೆ ಸುತ್ತಿತು. ಅವನ ಕಣ್ಣು ತೆರೆದೇ ಇತ್ತು, ಆದರೆ ಅದರಲ್ಲಿ ಅವನಿರಲಿಲ್ಲ. ಇಪ್ಪತ್ತು ವರ್ಷ ಸುತ್ತಿದ ಕೈ, ನೆಟ್ಟಗಿನ ದಾರಿ ಸಿಕ್ಕಾಗ ತನಗೆ ಗೊತ್ತಿದ್ದುದನ್ನೇ ಮಾಡಿತ್ತು.

"ಗಂಟಿ ಬಾರಿಸ್ರೋ! ಎಬ್ಬಸ್ರೋ!" ಎಂದು ಮುದುಕಪ್ಪ ಬಡಕೊಂಡ. ಯಾರೋ ಊರ ಗಂಟೆಯನ್ನು ಹೊತ್ತು ತಂದಿದ್ದರು. ತಂಗೆವ್ವ ತಿರುಗಿ ನಿಂತು ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು. ಎಬ್ಬಿಸಿದರೆ ಅವನು ನಿಲ್ಲುವುದಿಲ್ಲ, ಹೊಳೆಯ ಕಡೆಗೇ ಹೊರಡುತ್ತಾನೆ. ಆ ಕಣ್ಣಿಟ್ಟುಕೊಂಡು ಏಳು ತಿರುವು ಇಳಿದರೆ ಕೆಳಗೆ ಸಿಗುವುದು ಹೆಣ. ಎಬ್ಬಿಸದಿದ್ದರೆ ಘಟ್ಟ ಹೋಯಿತು, ತನ್ನದಷ್ಟೇ ಅಲ್ಲ, ಊರಿನ ಎಲ್ಲ ಹೆಂಗಸರ ತಲೆಯ ಭಾರವೂ ಉಳಿಯಿತು. ಆಕೆ ಆ ಹೆಂಗಸರ ಕಡೆ ನೋಡಿದಳು. "ನಿಮ್ಮ ಪಾಲಿನ ಕೊಡಾನೂ ನಾನ ಹೊರತೀನಿ ಯವ್ವಾ. ಈ ಮನಶ್ಯಾನ್ನ ಮಲಗಾಕ ಬಿಡ್ರಿ" ಎಂದಳು.

ತಂಗೆವ್ವ ಸುತ್ತಿನ ಜೊತೆಗೇ ನಡೆದು, ಸೀಟು ಹಿಡಿದು ನಿಲ್ಲಿಸಿ, ಮಣೆಯಿಟ್ಟಳು. ಇಪ್ಪತ್ತು ವರ್ಷದ ರೂಢಿಯಂತೆ ಲಗಮಣ್ಣನ ಪಾದ ಹುಡುಕಿಕೊಂಡು ಬಂದು ಮಣೆಯ ಮೇಲೆ ಕೂತಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ, ಕೊಡದಡಿ ತಲೆಗಿಡುವ ಬಟ್ಟೆಯ ಸಿಂಬಿಗಳನ್ನು ತೆಗೆದು, ಒಂದರ ಮೇಲೊಂದು ಇಟ್ಟು ಅವನಿಗೆ ತಲೆದಿಂಬು ಮಾಡಿದರು. ಗೌಡನ ಆಳುಗಳು ಅಲ್ಲೇ ಗಡಿಕಲ್ಲು ನೆಟ್ಟರು. ಅವರೂ ಸದ್ದಿಲ್ಲದೆ ನೆಟ್ಟರು ಎನ್ನುತ್ತಾರೆ.

ಲಗಮಣ್ಣ ಎರಡು ದಿನ ಮಲಗಿದ. ಜನ ಅವನ ಮೇಲೆ ಕಂಬಳಿಯ ನೆರಳು ಕಟ್ಟಿದರು. ಮೂರನೆಯ ದಿನ ಬೆಳಗಾದಾಗ ಕಣ್ಣು ಬಿಟ್ಟು ಅವನು ಕೇಳಿದ್ದು ಒಂದೇ ಮಾತು: "ಹೊಳಿ ಮುಟ್ಟಿದ್ನೇನು?"

ಹೆಂಗಸರು ಬಳಸುದಾರಿಯಲ್ಲಿ ಹೋಗಿ ತಂದಿದ್ದ ನೀರಿನಿಂದ ಅವನ ಪಾದ ತೊಳೆಯುತ್ತ ತಂಗೆವ್ವ "ಮುಟ್ಟೀರಿ" ಎಂದಳು. ಆ ಸುಳ್ಳನ್ನು ಊರೇ ಹೊತ್ತುಕೊಂಡಿತು. ಮರುದಿನ ಹೆಂಗಸರೆಲ್ಲ ಗೌಡನ ಘಟ್ಟಕ್ಕೇ ಇಳಿದರು. ಗೌಡ ಅಡ್ಡ ನಿಂತಾಗ ತಂಗೆವ್ವ ಮುಂದೆ ಬಂದು, "ತಿರುಗಿ ಹೋಗಂದ್ರ ಹೋಗತೀವ್ರಿ ಗೌಡ್ರ. ಆದ್ರ ಕೊಡ ಯಾಕ ಖಾಲಿ ಅಂತ ಅಂವ ಕೇಳಿದ್ರ ಏನ್ ಹೇಳೂಣು, ನೀವ ಹೇಳ್ರಿ" ಎಂದಳು. ಗೌಡನೂ ಆ ಬಿಸಿಲಲ್ಲಿ ಲಗಮಣ್ಣನ ಸುತ್ತನ್ನು ಕಂಡವನು. "ಅಂವ ಇರೂ ತನಕ ತುಂಬಕೋರಿ" ಎಂದು ದಾರಿ ಬಿಟ್ಟ.

ಲಗಮಣ್ಣ ಇನ್ನೂ ಮೂವತ್ತು ವರ್ಷ ಇದ್ದ. ಆಟ ಬಿಟ್ಟ, ಆದರೆ ಸೈಕಲ್ಲು ಬಿಡಲಿಲ್ಲ. ಸಂತೆಗೆ ಹೋಗುವಾಗ ಈ ಕಲ್ಲಿನ ಬಳಿ ಬಂದರೆ ಸೈಕಲ್ ಗಂಟೆ ಸದ್ದಾಗದಂತೆ ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿಯುತ್ತಿದ್ದ, ಇಳಿದು ಒಂದು ಗಳಿಗೆ ಕಾಲೂರಿ ನಿಲ್ಲುತ್ತಿದ್ದ, ಇದು ಯಾರ ಗಡಿ ಎಂದು ಒಮ್ಮೆಯೂ ಕೇಳಲಿಲ್ಲ. ಕೊನೆಯ ದಿನಗಳಲ್ಲಿ ನೀರು ಕುಡಿಸಲು ಬಂದ ತಂಗೆವ್ವನ ಕೈ ಹಿಡಿದು ಹೇಳಿದನಂತೆ: "ಹೊಳಿಗೆ ಹೋದ ಗಾಲಿಗೆ ಕೆಸರಿರತೈತಿ ತಂಗೆವ್ವ. ಅವತ್ತು ನನ್ನ ಗಾಲಿಗೆ ಬರೇ ಸುಣ್ಣ ಇತ್ತು. ಹೇಳಿದ್ರ ಘಟ್ಟ ಮುಚ್ಚತಾರಂತ ಸುಮ್ಮನಿದ್ದೆ." ಮೂವತ್ತು ವರ್ಷ ಅವನಿಂದ ಬಚ್ಚಿಟ್ಟ ಆಕೆ, ಮೂವತ್ತು ವರ್ಷ ಆಕೆಯಿಂದ ಬಚ್ಚಿಟ್ಟ ಅವನು. ತಂಗೆವ್ವ ಅಂದು ಅತ್ತಷ್ಟು ಅವನು ಹೋದ ದಿನವೂ ಅಳಲಿಲ್ಲ.

ಅವನು ಹೋದ ಮೇಲೆ ಘಟ್ಟ ಮುಚ್ಚಬೇಕೆಂಬುದು ಗೌಡನ ಮನೆಯವರಿಗೆ ನೆನಪಾಗಲಿಲ್ಲ. ನೆನಪಾಗಿದ್ದರೂ ಬಾಯಿ ಬಿಡಲಿಲ್ಲ. ಆ ಸುತ್ತು ಮಳೆ ಕೊರೆದದ್ದು, ಗಾಲಿ ಕೊರೆದದ್ದಲ್ಲ ಎಂದು ಕಲ್ಲಿನ ಶಾಸ್ತ್ರ ಓದಿದವರು ಹೇಳುತ್ತಾರೆ. ಇರಬಹುದು. ಆದರೆ ಇಂದಿಗೂ ಕೊಳ್ಳ ಏರಿ ಬಂದ ಸವಾರರು, ಊರವರು ಹೇಳಿಕೊಟ್ಟಂತೆ, ಗಂಟೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಇಲ್ಲಿ ಇಳಿಯುತ್ತಾರೆ. ಸೋತ ಕಾಲನ್ನು ಕಲ್ಲಿನ ಮೇಲೆ ಊರುತ್ತಾರೆ. ಆಮೇಲೆ ಬಾಗಿ, ತಮ್ಮ ಗಾಲಿಗೆ ಮೆತ್ತಿದ ಹೊಳೆಯ ಕೆಸರನ್ನು ಬೆರಳಲ್ಲಿ ತೆಗೆದು, ಲಗಮಣ್ಣನ ಪಾಲಿನದೆಂದು ಗಡಿಕಲ್ಲಿಗೆ ಹಚ್ಚಿ ಹೋಗುತ್ತಾರೆ.