ಬೆನ್ನ ಮೇಲಿನ ಕೆಂಪು

ಮನೆಯೊಂದರ ಉಪ್ಪುನೀರಿನ ಗಾಜುತೊಟ್ಟಿಯಲ್ಲಿ ಕೆಂಪು ಹವಳ ದಿನೇ ದಿನೇ ಸವೆಯುತ್ತಿತ್ತು. ಅದರ ಮಡಿಲಲ್ಲೇ ಬೆಳೆದ ಏಡಿಯಜ್ಜ, ಯಾರೋ ಅದನ್ನು ಕದ್ದು ತಿನ್ನುತ್ತಿದ್ದಾರೆಂದು ಕಂಡುಕೊಂಡ. ತನ್ನ ಕಣ್ಣಿಗೆ ಮಣ್ಣೆರಚುವವನು ಇನ್ನೂ ಹುಟ್ಟಿಲ್ಲವೆಂದು ಕಳ್ಳನನ್ನು ಹುಡುಕಿ ಹೊರಟ. ತೊಟ್ಟಿಗೆ ಹೊಸದಾಗಿ ತಂದಿಟ್ಟ ಕಲ್ಲಿನ ಸಂದಿಯಲ್ಲಿ ಚಿಪ್ಪಿಲ್ಲದ, ಕೆಂಪು ಬೆನ್ನಿನ ಕಡಲ ಬಸವನಹುಳು ಕೂತಿತ್ತು.

"ಯಾರಯ್ಯ ನೀನು?"

"ಏಳು ಕಡಲು ತೆವಳಿ ಬಂದ ವೀರ! ತಿಮಿಂಗಿಲವೇ ನನಗೆ ದಾರಿ ಬಿಡುತ್ತದೆ. ಪಾಚಿ ಬಿಟ್ಟು ಬೇರೇನೂ ಮುಟ್ಟುವವನಲ್ಲ."

"ಭಲೆ! ಈ ಕೆಂಪು ಅಪ್ಪನ ಆಸ್ತಿಯೋ?"

ಹುಳು ಉಬ್ಬಿಹೋಯಿತು. "ಅಪ್ಪನದೇನು ಬಂತಜ್ಜ! ಬರುವಾಗ ಬೆಳ್ಳಗಿದ್ದೆ. ಇದು ಈ ತೊಟ್ಟಿಯಲ್ಲೇ ನಾನು ತಿಂದು ತಿಂದು ಸಂಪಾದಿಸಿದ್ದು!"

ತೊಟ್ಟಿಯಲ್ಲಿ ಕೆಂಪಗಿದ್ದದ್ದು ಹವಳವೊಂದೇ. ಏಡಿಯಜ್ಜ ಇಕ್ಕಳದಂಥ ಕೈ ಚಾಚಿದ. ಬಣ್ಣ ಇನ್ನೂ ಚೆನ್ನಾಗಿ ಕಾಣಲೆಂದು ಹುಳು ತಾನೇ ಬೆನ್ನೊಡ್ಡಿತು.