ಕಾಳು ಕಾಯ್ದ ಬಟ್ಟೆ

ಮಗಳ ಊಟದ ಡಬ್ಬಿಗೆ ಹಸಿ ಕೋಸಂಬರಿ ಮಾಡಲೆಂದು ನೀಲವ್ವ ನೆನೆದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಮೊಳಕೆ ಬರಲೆಂದು ಒಲೆಯ ಪಕ್ಕ ಇಟ್ಟಳು.

ಹೊರಗೆ ಏನೋ ಸರಿದಾಡಿದ ಸದ್ದಾಯಿತು. ಬಟ್ಟೆ ಬೆಚ್ಚಿಬಿದ್ದು ಗಂಟನ್ನು ಬಿಗಿಮಾಡಿಕೊಂಡಿತು.

“ತಾಯಿ, ಉಸಿರು ಕಟ್ಟುತ್ತಿದೆ. ಸ್ವಲ್ಪ ಸಡಿಲ ಬಿಡು,” ಎಂದವು ಕಾಳುಗಳು.

“ಹೊರಗೆ ಇಲಿಯಿದೆ, ಇರುವೆಗಳಿವೆ. ನಿಮಗೇನಾದರೂ ಆದರೆ ನೀಲವ್ವನಿಗೆ ಏನೆಂದು ಹೇಳಲಿ?” ಎಂದಿತು ಬಟ್ಟೆ.

“ಮೈ ಬಿಸಿಯೇರುತ್ತಿದೆ, ತಾಯಿ. ನಮಗೆ ಗಾಳಿ ಬೇಕು.”

“ಗಾಳಿ ಬರುವ ಸಂದಿಯಲ್ಲಿ ಇರುವೆಯೂ ಬರುತ್ತದೆ, ಸುಮ್ಮನಿರಿ,” ಎಂದು ಬಟ್ಟೆ ಮತ್ತಷ್ಟು ಬಿಗಿಯಿತು.

ಬೆಳಗ್ಗೆ ನೀಲವ್ವ ಗಂಟು ಬಿಚ್ಚಿದಾಗ ಕಾಳೆಲ್ಲ ಲೋಳೆಯಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಅದನ್ನು ತಿಪ್ಪೆಗೆ ಸುರಿದು, ಬಟ್ಟೆಯನ್ನು ಒಗೆದು ಹರವಿದಳು.

“ಇನ್ನೂ ಬಿಗಿಯಾಗಿ ಹಿಡಿದಿರಬೇಕಿತ್ತು,” ಎಂದು ಬಟ್ಟೆ ಬಿಸಿಲಲ್ಲಿ ಕೊರಗಿತು.